ಎರ್ರಿಸ್ವಾಮಿಯ ಚಳಿ

ಬಳ್ಳಾರಿಯ ಒಂದು ಲಾರಿ ಕಚೇರಿಯಲ್ಲಿ ಎಸಿಯ ತಂಪು ಹದಮಾಡುವ ಹಳೇ ಥರ್ಮೋಸ್ಟಾಟ್ ಬಿಚ್ಚಲು ನಾನು ಮೇನ್ ಸ್ವಿಚ್ಚಿಗೆ ಕೈ ಹಾಕಿದ್ದೆ.

"ತಡಿಯಪ್ಪಾ ಹುಸೇನಿ, ಉಂಡು ಮುಗಿಸ್ತೀನಿ," ಎಂದರು ಗುಮಾಸ್ತೆ ಪಂಪಕ್ಕ.

ಅವರು ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಉಣ್ಣುತ್ತಿದ್ದರು. ಈಗ ಎಲ್ಲ ಕಟ್ಟಡಗಳಲ್ಲೂ ಹೀಗೇ, ಒಂದೊಂದು ಕುರ್ಚಿಗೂ ಅಲ್ಲಿ ಕೂರುವವರ ಮೈಗೆ ಒಗ್ಗುವಷ್ಟೇ ತಂಪು ಬೀಳುತ್ತದೆ. ಆ ಕುರ್ಚಿ ಅವರ ಗಂಡ ಎರ್ರಿಸ್ವಾಮಿಯದು. ಆತ ತೀರಿಕೊಂಡು ವರ್ಷವಾಗಿತ್ತು. ಗೋಡೆಯ ಮೇಲಿನ ಆ ಹಳೇ ಡಬ್ಬಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಅದು ದಿನಾ ಆತನಿಗೆ ಬೇಕಿದ್ದ ಕೊರೆಯುವ ಚಳಿಯನ್ನೇ ಸುರಿಯುತ್ತಿತ್ತು.

"ಮನಿಯಾಗೂ ಹಿಂಗೇ. ಫ್ಯಾನ್ ಜೋರು ಇಟ್ಟು ನನ್ನ ನಡುಗಿಸ್ತಿದ್ರು," ಎಂದು ನಕ್ಕರು.

ನನಗೆ ಮನಸ್ಸು ತಡೆಯಲಿಲ್ಲ. ಅವರು ಉಂಡು ಎದ್ದ ಮೇಲೆ ಹಳೇದನ್ನು ಬಿಚ್ಚಿದೆ, ಬಣ್ಣ ನೋಡಿ ವೈರುಗಳನ್ನು ಹೊಸದಕ್ಕೆ ಕೂಡಿಸಿದೆ, ನೆಟ್‌ವರ್ಕಿಗೆ ಸೇರಿಸಿದೆ. ತೀರಿಕೊಂಡವರ ಲೆಕ್ಕವನ್ನು ಅಳಿಸಬೇಕಿತ್ತು, ನಮ್ಮ ಕಂಪನಿಯವರು ಬೈದರೆ ಬೈಯಲಿ ಎಂದು ಆ ಕುರ್ಚಿಗೆ ಎರ್ರಿಸ್ವಾಮಿಯ ಚಳಿಯನ್ನೇ ಮತ್ತೆ ಇಟ್ಟೆ.

"ಈಗ ಕೂತು ನೋಡ್ರಿ ಅಕ್ಕಾ."

ಕೂತರು. ಮೇಲಿನಿಂದ ತಣ್ಣನೆಯ ಗಾಳಿ ಇಳಿಯಿತು. ಪಂಪಕ್ಕ ಶಾಲು ಬಿಗಿಹಿಡಿದು ಕಣ್ಣು ಮುಚ್ಚಿದರು. ಅವರ ಮೈ ನಡುಗತೊಡಗಿತು.

ಹೊಸ ಯಂತ್ರ ಕೂತವರ ಮೈಯನ್ನು ತಾನೇ ಗಮನಿಸಿ ತಂಪನ್ನು ಬದಲಿಸುತ್ತದೆ. ದಿನಾ ಅದನ್ನೇ ಜೋಡಿಸುವ ನನಗೆ ಆ ಹೊತ್ತಿಗೆ ಅದು ನೆನಪಾಗಬಾರದೇ? ಅದಕ್ಕೆ ಕಂಡದ್ದು ಚಳಿಗೆ ನಡುಗುತ್ತಿರುವ ಒಬ್ಬ ಹೆಂಗಸು. ಗಾಳಿ ಮೆಲ್ಲಗೆ ಬೆಚ್ಚಗಾಯಿತು.

ಪಂಪಕ್ಕ ಕಣ್ಣು ತೆರೆದರು.

"ಹೋದ್ರು," ಎಂದು ಶಾಲು ತೆಗೆದು ಮಡಚಿದರು.