ಲಾಯರಮ್ಮನ ಗಂಟಲು

ವಿಚಾರಣೆಗೆ ಇನ್ನು ಅರ್ಧ ಗಂಟೆ ಇರುವಾಗ ಲಾಯರಮ್ಮನ ಗಂಟಲು ಕೈಕೊಟ್ಟಿತು. ಕೆಮ್ಮಿದರು, ಬಿಸಿನೀರು ಕುಡಿದರು, ಬಾಯಿ ತೆರೆದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗಾದ ಅನ್ಯಾಯದ ವಿರುದ್ಧ ಇಪ್ಪತ್ತೆಂಟು ವರ್ಷ ಗುಡುಗಿದ ಗಂಟಲದು. ಟಿವಿಯವರು ಮೈಕನ್ನು ಎರಡಡಿ ದೂರದಲ್ಲೇ ಹಿಡಿಯುತ್ತಿದ್ದರು. "ಹೆಂಗಸರಿಗೆ ಇದು ಆಗೋದಿಲ್ಲ" ಎಂದು ಯಾವ ಸಾಹೇಬ ಕಟಕಟೆಯಲ್ಲಿ ನಿಂತು ಹೇಳಿದರೂ ಅವರು ಹಾಕುತ್ತಿದ್ದುದು ಒಂದೇ ಪ್ರಶ್ನೆ: "ಆಕೆಯನ್ನು ಕೇಳಿದಿರಾ?" ಆ ಪ್ರಶ್ನೆ ಈಗ ಕಾಲೇಜು ಹುಡುಗಿಯರ ಟೀ ಶರ್ಟುಗಳ ಮೇಲೂ ಅಚ್ಚಾಗಿತ್ತು.

ಇವತ್ತಿನ ಕಕ್ಷಿದಾರಳು ಬಸ್ ಓಡಿಸುವ ಡ್ರೈವರ್ ಅಕ್ಕ. ಹನ್ನೊಂದು ವರ್ಷದಿಂದ ಅವಳಿಗೆ ಸಿಕ್ಕಿದ್ದು ಒಂದೇ ರೂಟು: ರೈಲು ನಿಲ್ದಾಣದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ರೈಲು ನಿಲ್ದಾಣಕ್ಕೆ. ದೂರದ ರೂಟು ಕೇಳಿ ಕೇಳಿ ಸಾಕಾಗಿ ಕೋರ್ಟಿಗೆ ಬಂದಿದ್ದಳು. ಆ ರೂಟು ಕೊಡದ ಬಸ್ ಡಿಪೋ ಮ್ಯಾನೇಜರನ ಪಾಟೀಸವಾಲು ಇವತ್ತೇ. ಮುಂದಕ್ಕೆ ಹಾಕಿಸಿಕೊಂಡರೆ ಮತ್ತೆ ಎಂಟು ತಿಂಗಳು ಆಸ್ಪತ್ರೆ ದಾರಿಯೇ ಗತಿ.

ಲಾಯರಮ್ಮ ಒಂದು ಚೀಟಿ ಹರಿದು "ಇವತ್ತು ನೀನು ವಾದ ಮಾಡು" ಎಂದು ಬರೆದು ಎದುರಿಗಿದ್ದ ಜೂನಿಯರ್ ಕಡೆಗೆ ತಳ್ಳಿದರು. ಎರಡು ವರ್ಷದ ಹಿಂದೆ ಸೇರಿದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಂಚಿನ ಕಂಠ ಎಂದು. ಅವನು ಮಾತಾಡಿದರೆ ಪಾರ್ಕಿಂಗಿನಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಅವನು ಕೋಟು ಸರಿಮಾಡಿಕೊಂಡು, "ಆಗ್ಲಿ ಮೇಡಂ. ಯಾವ ಕೇಸು ಇದು, ಬ್ಯಾಂಕಿಂದಾ?" ಎಂದ.

ಲಾಯರಮ್ಮ ಇನ್ನೊಂದು ಚೀಟಿ ಹರಿದರು: "ಫೈಲಮ್ಮ ಹೇಳಿಕೊಡ್ತಾಳೆ." ಫೈಲಮ್ಮ ಎಂದರೆ ಒಂಬತ್ತು ವರ್ಷದ ಹಳೇ ಜೂನಿಯರ್. ಯಾವ ಫೈಲಿನ ಯಾವ ಪುಟದಲ್ಲಿ ಏನಿದೆ ಎಂಬುದು ಅವಳಿಗೆ ಅಂಗೈ ಮೇಲಿನ ಗೆರೆಯಷ್ಟೇ ಸಲೀಸು. ಆದರೆ ನ್ಯಾಯಾಧೀಶರ ಮುಂದೆ ಅವಳು ಇದುವರೆಗೆ ಬಾಯಿಬಿಟ್ಟು ಕೇಳಿದ್ದೆಂದರೆ ಮುಂದಿನ ತಾರೀಖು ಮಾತ್ರ.

"ಅವ್ರೇ ಯಾಕೆ ವಾದ ಮಾಡಬಾರ್ದು? ನನ್ನ ಕೇಸು ಬರೆದಿದ್ದೇ ಅವ್ರು," ಎಂದಳು ಪಕ್ಕದಲ್ಲೇ ಕೂತಿದ್ದ ಡ್ರೈವರ್ ಅಕ್ಕ, ಫೈಲಮ್ಮನ ಕಡೆ ಕೈತೋರಿಸಿ. ಲಾಯರಮ್ಮ ಸರಸರನೆ ಮೂರನೆಯ ಚೀಟಿ ಬರೆದು ಅವಳ ಕೈಗಿಟ್ಟರು. ಡ್ರೈವರ್ ಅಕ್ಕ ಕನ್ನಡಕ ಹಾಕಿಕೊಂಡು, ಬಸ್ಸಿನ ಬೋರ್ಡು ಓದುವಷ್ಟೇ ಗಟ್ಟಿಯಾಗಿ ಓದಿದಳು: "ತುಂಬಾ ಮೆತ್ತಗಿನವಳು. ಜನ ತುಂಬಿದ ಕೋರ್ಟಲ್ಲಿ ಗಾಬರಿಯಾಗ್ತಾಳೆ. ಅವಳ ಒಳ್ಳೇದಕ್ಕೇ ಹೇಳ್ತಿದೀನಿ." ಕನ್ನಡಕ ತೆಗೆದಳು. "ನಮ್ಮ ಮ್ಯಾನೇಜರ್ ಹೇಳಿದ್ದೂ ಇದನ್ನೇ ಅಲ್ವಾ! ದೂರದ ದಾರಿ, ಗಾಬರಿಯಾಗ್ತೀಯಮ್ಮ, ನಿನ್ನ ಒಳ್ಳೇದಕ್ಕೇ ಅಂತ. ಲಾಯರಮ್ಮಾ, ನೀವು ಅವ್ರನ್ನ ಕೇಳಿದ್ರಾ?"

ಗಂಟಲಿದ್ದಿದ್ದರೆ ಲಾಯರಮ್ಮ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದರು; ಚೀಟಿಯಲ್ಲಿ ಜಾರುವುದು ಕಷ್ಟ. ನಾಚಿಕೆಯಿಂದ ನಾಲ್ಕನೆಯ ಚೀಟಿಯಲ್ಲಿ ಚಿಕ್ಕ ಅಕ್ಷರದಲ್ಲಿ "ವಾದ ಮಾಡ್ತೀಯಾ?" ಎಂದು ಬರೆದು ಫೈಲಮ್ಮನ ಕಡೆ ತಿರುಗಿಸಿದರು. ಫೈಲಮ್ಮ ಚೀಲದ ತಳಕ್ಕೆ ಕೈಹಾಕಿ ಇಸ್ತ್ರಿ ಮಾಡಿದ ಗೌನು ತೆಗೆದಳು, ಅದರ ಕೆಳಗಿಂದ ಒಂದು ದಪ್ಪ ನೋಟ್‌ಬುಕ್ಕು. "ಮಾಡ್ತೀನಿ ಮೇಡಂ. ಪ್ರತಿ ಕೇಸಿಗೂ ನಂದೂ ಒಂದು ವಾದ ಬರ್ಕೊಂಡು ಬರ್ತಿದ್ದೆ. ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ."

ಕೋರ್ಟಿನಲ್ಲಿ ಅವಳ ದನಿ ನಿಜಕ್ಕೂ ಮೆತ್ತಗಿತ್ತು. ಕೇಳಿಸಲೆಂದು ನ್ಯಾಯಾಧೀಶರು ಫ್ಯಾನು ನಿಲ್ಲಿಸಿದರು, ಹಿಂದಿನ ಬೆಂಚಿನವರು ಹರಟೆ ನಿಲ್ಲಿಸಿದರು. ಮ್ಯಾನೇಜರ್ "ಅವರ ಒಳ್ಳೇದಕ್ಕೇ" ಎಂದು ಶುರುಮಾಡಿದ ಕೂಡಲೇ ಫೈಲಮ್ಮ, "ಆಕೆಯನ್ನು ಕೇಳಿದಿರಾ?" ಎಂದಳು. ಅವನಿಗೆ ರೇಗಿತು. "ನೀವು ಎಷ್ಟು ವರ್ಷದಿಂದ ವಾದ ಮಾಡ್ತಿದೀರಿ?" ಫೈಲಮ್ಮ ಗೋಡೆ ಗಡಿಯಾರ ನೋಡಿದಳು. "ವಕೀಲಳಾಗಿ ಒಂಬತ್ತು ವರ್ಷ. ವಾದ ಮಾಡ್ತಿರೋದು ಹತ್ತು ನಿಮಿಷದಿಂದ." ನ್ಯಾಯಾಧೀಶರು ನಗು ತಡೆಯಲು ಕೆಮ್ಮಿದರು. ಕೊನೆಯ ಬೆಂಚಿನಲ್ಲಿ ಫೈಲುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಲಾಯರಮ್ಮನಿಗೆ ಅದು ಇಷ್ಟು ಭಾರ ಎಂದು ಗೊತ್ತಾದದ್ದೇ ಆಗ. ಸಂಜೆಯ ಹೊತ್ತಿಗೆ ಆದೇಶ ಬಂತು: ಒಂದು ವಾರದೊಳಗೆ ದೂರದ ರೂಟು.

ಮೂರು ದಿನ ಮಾತಾಡಬೇಡಿ ಎಂದಿದ್ದರು ಡಾಕ್ಟರು. ಐದನೆಯ ದಿನ ಫೈಲಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಾಗ ಲಾಯರಮ್ಮ ಫೋನಿನಲ್ಲಿ ಲಿಫ್ಟ್ ರಿಪೇರಿಯವನಿಗೆ ಮಂಗಳಾರತಿ ಎತ್ತುತ್ತಿದ್ದದ್ದು ಎರಡನೆಯ ಮಹಡಿಗೂ ಸ್ಪಷ್ಟವಾಗಿ ಕೇಳಿಸಿತು. ಅವಳು ಬಾಗಿಲು ತಟ್ಟಿ ಒಳಗೆ ಬರುವಷ್ಟರಲ್ಲಿ ಫೋನು ಕೆಳಗಿತ್ತು, ಲಾಯರಮ್ಮನ ಕುತ್ತಿಗೆಗೆ ಮಫ್ಲರು ಸುತ್ತಿತ್ತು. ಮೇಜಿನ ಮೇಲಿನ ಚೀಟಿ ಅವಳ ಕಡೆಗೆ ಸರಿಯಿತು: "ಗಂಟಲು ಇನ್ನೂ ಸರಿಹೋಗಿಲ್ಲ. ನಾಳೆಯ ಬ್ಯಾಂಕ್ ಕೇಸೂ ನೀನೇ ಮಾಡ್ತೀಯಾ?"

ಫೈಲಮ್ಮ ಎರಡು ಸಲ ಓದಿ ಚೀಟಿಯನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು.

"ಮಾಡ್ತೀನಿ ಮೇಡಂ. ಗಂಟಲಿಗೆ ಅವಸರ ಏನಿಲ್ಲ, ನಿಧಾನವಾಗಿ ವಾಸಿಯಾಗ್ಲಿ."