ಗಟ್ಟಿ ಮನುಷ್ಯ ಬೇಕಾಗಿದ್ದಾನೆ

"ಬೀಡಿ ಸೇದ್ತೀರೇನ್ರಿ?" ಎಂದು ಡಾ. ಜಬೀನಾ ಕೇಳಿದ್ದು ರೋಗಿ ಅಂಬರಾಯನನ್ನು. ಉತ್ತರ ಬಂದದ್ದು ಪಕ್ಕದಲ್ಲಿ ಕೂತ ಗೆಳೆಯ ಶಿವರಾಯನಿಂದ.

"ಒಂದೇ ಬೀಡಿ ರೀ. ಅರ್ಧ ಅವ, ಅರ್ಧ ನಾ."

ಕೊಡ್ಲಿ ಊರಿನ ಅಂಬರಾಯನಿಗೆ ಬಂದದ್ದು ಅಪರೂಪದ ರಕ್ತ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತದ ಕಣಗಳಿಗೆ ಕೂದಲು ಹುಟ್ಟಿದ ಹಾಗೆ ಕಾಣುತ್ತದೆ. ತಲೆಯ ಮೇಲೆ ಒಂದೂ ಉಳಿಯದವನಿಗೆ ಇಂಥ ರೋಗ ಬಂದಿದೆ ಎಂದರೆ ಊರು ಇನ್ನೂ ಪೂರ್ತಿ ನಂಬಿರಲಿಲ್ಲ. ಅದು ಯಾಕೆ ಬರುತ್ತದೆಂದು ಹುಡುಕಲು ಬಂದ ಹೊಸ ಸಂಶೋಧಕಿ ಜಬೀನಾ. ಅವಳಿಗೆ ಕೆಲಸ ಕಲಿಸುವವರು ಡಾ. ದೇವಾನಂದ. "ನಾ ಇಲ್ಲೇ ಇಲ್ಲ ಅಂತ ತಿಳ್ಕೋ" ಎಂದು ಹೇಳಿ ಗುರುಗಳು ಅಂಬರಾಯನ ಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿದ್ದರು.

ಪದ್ಧತಿಯೇನೋ ಸರಳ. ರೋಗಿಗೆ ನೂರಾ ಹನ್ನೆರಡು ಪ್ರಶ್ನೆ. ಅದೇ ಊರಿನ, ಅದೇ ವಯಸ್ಸಿನ, ರೋಗವಿಲ್ಲದ ಒಬ್ಬ ಗಟ್ಟಿ ಮನುಷ್ಯನಿಗೂ ಅವೇ ಪ್ರಶ್ನೆ. ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಕಾರಣದ ಸುಳಿವು ಸಿಗಬಹುದು. ಗಟ್ಟಿ ಮನುಷ್ಯ ಬೇಕೆಂದ ಕೂಡಲೇ ಶಿವರಾಯ ಕೈ ಎತ್ತಿದ್ದ. ಗೆಳೆಯ ಮಲಗಿದಂದಿನಿಂದ ಅವನಿಗಾಗಿ ಏನಾದರೂ ಮಾಡಬೇಕೆಂದು ಜೀವ ಹಪಹಪಿಸುತ್ತಿತ್ತು.

ಇಬ್ಬರಿಗೂ ಒಂದೇ ಬಾವಿ, ಒಂದೇ ಕಟಿಂಗ್ ಅಂಗಡಿ. ಮದುವೆಯೂ ಒಂದೇ ಹಂದರದಲ್ಲಿ, ಅಕ್ಕತಂಗಿಯರ ಜೊತೆ. ಬೇರೆ ಬೇರೆಯಾಗಿ ಕೇಳಬೇಕೆಂಬ ನಿಯಮವಿದೆಯೆಂದು ಜಬೀನಾ ಅಂಬರಾಯನನ್ನು ಒಳಗೆ ಕಳಿಸಿದಳು. ಅವನು ಕಿಟಕಿಗೆ ಮುಖ ಹಚ್ಚಿ, ಶಿವರಾಯ ಮರೆತಿದ್ದ ಹಲ್ಲುನೋವಿನ ವರ್ಷವನ್ನು ನೆನಪು ಮಾಡಿಕೊಟ್ಟ. ನಲವತ್ತನೆಯ ಪ್ರಶ್ನೆಯ ಹೊತ್ತಿಗೆ ಎರಡೂ ಹಾಳೆಗಳು ಕಾಪಿ ಹೊಡೆದ ಹುಡುಗರ ಉತ್ತರ ಪತ್ರಿಕೆಗಳಂತಿದ್ದವು.

ಅಲ್ಲಿ ಇಲ್ಲದ ಗುರುಗಳು ಕೆಮ್ಮಿದರು. "ಜಬೀನಾ, ಇವರು ನಡಿಯಂಗಿಲ್ಲ. ಬ್ಯಾರೆಯವರನ್ನ ಹುಡುಕು."

"ಅಂದ್ರ ನಾ ಗಟ್ಟಿ ಇಲ್ಲೇನ್ರಿ ಸರ?" ಶಿವರಾಯನ ಮುಖ ಇಳಿಯಿತು.

"ಗಟ್ಟಿ ಅದೀರಿ. ನಿಮಗೂ ಅವರಿಗೂ ಏನೂ ಫರಕ್ ಇಲ್ಲ."

"ಫರಕ್ ಬೇಕಂದ್ರ ಹುಡುಕಿ ಕೊಡ್ತೀನಿ. ಜರಾ ನಿಂದರ್ರಿ."

ತನ್ನ ತಲೆ ಅಷ್ಟು ಬೋಳಲ್ಲ ಎಂದ. ಟೋಪಿ ತೆಗೆಸಿ ನೋಡಿದ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು. ಒಮ್ಮೆ ವಾಡಿಯಿಂದ ಒಬ್ಬನೇ ರೈಲಿನಲ್ಲಿ ಹೋಗಿದ್ದೆ ಎಂದ. "ನಾ ನಿನ್ನ ಬಾಜೂಕೇ ಕುಂತಿದ್ನಲ್ಲೋ ಮಾರಾಯ," ಎಂದ ಅಂಬರಾಯ ಕಿಟಕಿಯಿಂದ.

ಪಾಪ ಎನಿಸಿ ಜಬೀನಾ ನಲವತ್ತೊಂದನೆಯ ಪ್ರಶ್ನೆಯನ್ನೂ ಓದಿದಳು. "ತೊಗರಿ ಹುಳಕ್ಕ ವಿಷದ ಎಣ್ಣಿ ಹೊಡಿಯುವಾಗ ಪಂಪ್ ಯಾರು ಹೊರ್ತೀರಿ?"

"ಪಾಳಿ ಹಚ್ಚಿ ಹೊರ್ತೀವಿ," ಎಂದ ಶಿವರಾಯ, ರೂಢಿಯಂತೆ. ಮರುಗಳಿಗೆ ಅವನ ಮುಖ ಅರಳಿತು. "ಸಿಕ್ತು ನೋಡ್ರಿ ಮೇಡಂ. ಎಂಟು ವರ್ಷ ಆತು, ನನ್ನ ಟೊಂಕ ಹಿಡದದ. ಆವತ್ತಿಂದ ನನ್ನ ಪಾಳಿನೂ ಇವನೇ ಹೊತ್ತಾನ. ಪಂಪ್ ಭಾಳ ಸೋರ್ತಿತ್ತು, ಇವನ ಬೆನ್ನೆಲ್ಲಾ ತೊಯ್ತಿತ್ತು. ನಾ ಬದುವಿನ ಮ್ಯಾಲ ಕುಂತಿರ್ತಿದ್ದೆ. ಬರಕೊಳ್ರಿ. ಈಗರೆ ನಡೀತೀನಲ್ಲ?"

ಜಬೀನಾ ಬರೆಯದೆ ಕಿಟಕಿಯಲ್ಲಿದ್ದ ಅಂಬರಾಯನ ಕಡೆ ನೋಡಿದಳು. ತಾನು ಹೇಳಿದ್ದೇನೆಂದು ಶಿವರಾಯನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅದೇ ಕಾರಣ ಅಂತ ಹೇಳಾಕ ಬರಂಗಿಲ್ರಿ," ಎಂದು ಜಬೀನಾ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಅಂಬರಾಯ ಗೋಡೆ ಹಿಡಿದುಕೊಂಡು ಹೊರಗೆ ಬಂದ. "ಇವ ಸುಳ್ಳು ಹೇಳಾಕತ್ತಾನ್ರಿ ಮೇಡಂ, ನಿಮ್ಮ ಹಾಳ್ಯಾಗ ಹೆಸರು ಬರಲಿ ಅಂತ. ಟೊಂಕ ಹಿಡದದ್ದು ಖರೆ. ಆದ್ರ ತನ್ನ ಪಾಳಿ ಒಂದಿನಾನೂ ಬಿಟ್ಟಿಲ್ಲ. ಇಬ್ಬರೂ ಸಮ ಹೊತ್ತೀವಿ, ಹಂಗೇ ಬರೀರಿ."

"ಇಲ್ರಿ. ಅವನೇ ಹೊತ್ತಾನ," ಎಂದ ಶಿವರಾಯ.

ಜಬೀನಾ ಗುರುಗಳ ಕಡೆ ನೋಡಿದಳು. ಅವರು ನೆಲ ನೋಡುತ್ತ, "ಅವರವರು ಹೇಳಿದ್ದು ಅವರವರ ಹಾಳ್ಯಾಗ ಬರಿ," ಎಂದರು.

ಅವಳು ಬರೆದಳು. ಬೆಳಗಿನಿಂದ ಮೊದಲ ಸಲ ಇಬ್ಬರ ಉತ್ತರಗಳು ಬೇರೆ ಬೇರೆಯಾದವು.