ಖಾಲಿ ಮೊಳೆಗಳು

ಎಲ್ಲರೂ ಹೊರಗೆ ಬಂದಿದ್ದಾರೆಯೇ? ಹಲಗೆಯೇನೋ ಹಾಗೆನ್ನುತ್ತಿತ್ತು. ಕಟ್ಟಡದೊಳಕ್ಕೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಬೇಕು, ಹೊರಬಂದವರು ತೆಗೆದುಕೊಳ್ಳಬೇಕು. ಈಗ ಮೊಳೆಗಳೆಲ್ಲ ಖಾಲಿ. ಕಾಲೇಜಿನ ಹಳೆಯ ಹಾಸ್ಟೆಲ್ ಕೆಡವಲು ಸಿಡಿಮದ್ದು ತುಂಬಿದ್ದ ಮೇಸ್ತ್ರಿ ಮಾತ್ರ ಸ್ಫೋಟದ ಪೆಟ್ಟಿಗೆಯ ಕೀಲಿ ತಿರುಗಿಸದೆ ನಿಂತಿದ್ದ.

"ಇನ್ನೇನು ಶಕುನ ನೋಡ್ತಿದ್ದೀಯಾ?" ಗುತ್ತಿಗೆದಾರ ರೇಗಿದ. ಅವನು ಮೇಸ್ತ್ರಿಯ ಅಕ್ಕನ ಗಂಡ. "ರಸ್ತೆ ಮುಚ್ಚಿಸಿ ಕೂತಿದ್ದೀನಿ, ಊರೆಲ್ಲ ಬೈತಿದೆ."

"ರೇಡಿಯೋ ಕೇಳಿಸ್ತಿಲ್ಲ, ಭಾವ." ರೇಡಿಯೋ ಎಂಬುದು ಬಾಯಿ ಮುಚ್ಚದ ಒಬ್ಬ ಕೆಲಸಗಾರನಿಗೆ ಎಲ್ಲರೂ ಇಟ್ಟಿದ್ದ ಹೆಸರು.

"ಅವನ ಬಿಲ್ಲೆ ತೆಗೆದಾಗಿದೆ, ಕಣ್ಣು ಕಾಣಲ್ವಾ? ತಿರುಗಿಸು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ!"

"ನಾಳೆ ಬರಲ್ಲ ಬಿಡಿ. ಇವತ್ತಂತೂ ತಿರುಗಿಸಲ್ಲ." ಮೇಸ್ತ್ರಿ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು, ಕಟ್ಟಡದ ಕಡೆ ತಿರುಗಿ "ರೇಡಿಯೋ!" ಎಂದು ಗಂಟಲು ಹರಿಯುವಂತೆ ಕೂಗಿದ.

"ಅವಂದು ನಾನೇ ತೆಗ್ದೆ, ಹಿಂದೇನೇ ಬರ್ತಾನೆ ಅಂತ..." ಕೆಲಸಗಾರರ ಗುಂಪಿನಲ್ಲೊಬ್ಬ ತೊದಲಿದ. ಅಷ್ಟರಲ್ಲಿ ಹಾಸ್ಟೆಲಿನ ಬಾಗಿಲಲ್ಲಿ ರೇಡಿಯೋ ಕಾಣಿಸಿದ. "ಸುತ್ತಿಗೆ ಮರ್ತಿದ್ದೆ ಕಣ್ರೋ! ನನ್ನ ಒಳಗೆ ಬಿಟ್ಟೇ ಕೆಡವ್ತಿದ್ರಾ?"

ಗುತ್ತಿಗೆದಾರ ಓಡಿಹೋಗಿ ರೇಡಿಯೋನ ತೋಳು ಹಿಡಿದು ಈಚೆಗೆ ಎಳೆದುಕೊಂಡ. ರೇಡಿಯೋನ ಬಾಯಿ ಒಂದು ದಿನವಾದರೂ ಮುಚ್ಚಲಿ ಎಂದು ತಾನು ಬೆಳಿಗ್ಗೆಯಷ್ಟೇ ಶಪಿಸಿದ್ದನ್ನು ಮೇಸ್ತ್ರಿ ಯಾರಿಗೂ ಹೇಳಲಿಲ್ಲ.